ನಾಲ್ಕನೆಯ ಪಂದ್ಯ

ಗೋಕಾಕ ಫಾಲ್ಸ್ ನೋಡಲು ಬರುವವರು ಮಳೆಗಾಲದಲ್ಲಿ ಬರುತ್ತಾರೆ. ಜುಲೈದಿಂದ ಸೆಪ್ಟೆಂಬರ್ ತನಕ ಘಟಪ್ರಭೆ ಕೆಂಪಗೆ ಮೈದುಂಬಿ ಬಂದು, ಕುದುರೆ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಬಂದವರು ತೂಗುಸೇತುವೆಯನ್ನು ನೋಡುತ್ತಾರೆ, ಮಹಾಲಿಂಗೇಶ್ವರನಿಗೆ ಕೈ ಮುಗಿಯುತ್ತಾರೆ, ಗೋಕಾಕಕ್ಕೆ ಹೋಗಿ ಕರದಂಟು ಕಟ್ಟಿಸಿಕೊಂಡು ತಮ್ಮ ತಮ್ಮ ಊರು ಸೇರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಅಪ್ಪಿತಪ್ಪಿ ಬಂದ ಹೊಸಬರು ‘ಇದೇ ಏನ್ರಿ ಫಾಲ್ಸ್?’ ಎಂದು ನಮ್ಮನ್ನೇ ಕೇಳುತ್ತಾರೆ, ನಾವೇನೋ ನೀರನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡವರ ಹಾಗೆ. ಆಗ ಅಲ್ಲಿ ಇರುವುದು ಬಿಸಿಲಿಗೆ ಕಾದ ಬಂಡೆ, ಅದರ ಒಂದು ಮೂಲೆಯಲ್ಲಿ ಜಿನುಗುವ ನೀರು. ಊರವರಾದ ನಮಗೆ ವರ್ಷದ ಹೆಚ್ಚಿನ ತಿಂಗಳು ಕಾಣುವುದು ಈ ಬಂಡೆಯೇ.

ಐ.ಪಿ.ಎಲ್. ಕ್ರಿಕೆಟ್ಟಿನ ಹಂಗಾಮು ಬರುವುದೂ ಇದೇ ಒಣ ದಿನಗಳಲ್ಲಿ. ನಾನು ಹೇಳಹೊರಟಿರುವುದು 2017ರ ಹಂಗಾಮಿನ ಮಾತು. ರಾಯಲ್ ಚಾಲೆಂಜರ್ಸ್ ಬ್ಯಾಂಗಲೋರ್ ತಂಡ ಆ ವರ್ಷ ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಹದಿನಾಲ್ಕು ಪಂದ್ಯಗಳಲ್ಲಿ ಮೂರು ಗೆಲುವು, ಹತ್ತು ಸೋಲು. ಉಳಿದ ಒಂದು ಪಂದ್ಯವನ್ನು ಮಳೆ ಆಡಿತು. ಅದನ್ನು ಬರೆಯಲು ನನಗೆ ಏನು ಅಧಿಕಾರವೆಂದು ಓದುಗರು ಕೇಳಬಹುದು. ನಾನು ಕ್ರಿಕೆಟ್ ಆಡಿದವನಲ್ಲ. ಮಾಸ್ತರಿಕೆ ಮಾಡುತ್ತಿದ್ದಾಗ ಹುಡುಗರಿಗೆ ಕಬಡ್ಡಿ ಆಡಿಸುತ್ತಿದ್ದೆ, ನಮ್ಮ ಹಿರಿಯರು ಹುತುತು ಎನ್ನುತ್ತಿದ್ದರಲ್ಲ, ಆ ಆಟ. ಆದರೆ ಸೋಲಿನ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಅದು ತಪ್ಪೆಂದು ತಿಳಿಯಲು ನನಗೆ ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ತಿಳಿದದ್ದು ಆ ಹಂಗಾಮಿನಲ್ಲಿ.

ಮೊದಲು ತಪ್ಪನ್ನೇ ಹೇಳಿಬಿಡುತ್ತೇನೆ. 1993ರ ಚಳಿಗಾಲ. ಪಕ್ಕದ ತಾಲೂಕಿನ ಒಂದು ಊರಿನ ಜಾತ್ರೆಯಲ್ಲಿ ಶಾಲಾ ಹುಡುಗರ ಕಬಡ್ಡಿ ಪಂದ್ಯ ಇಟ್ಟಿದ್ದರು. ಐದು ತಂಡ, ಒಂದೊಂದು ತಂಡಕ್ಕೆ ನಾಲ್ಕು ಪಂದ್ಯ, ಮೇಲಿನ ಎರಡು ತಂಡಗಳಿಗೆ ಫೈನಲ್. ನಮ್ಮವರು ಮಿಲ್ಲಿನ ಕೆಲಸಗಾರರ ಮಕ್ಕಳು, ಹದಿಮೂರು ಹದಿನಾಲ್ಕರ ವಯಸ್ಸು, ಕಾಲು ಸಪೂರ, ಉತ್ಸಾಹ ದೊಡ್ಡದು. ಎದುರಿನವರು ಹೊಲದಲ್ಲಿ ದುಡಿದು ಗಟ್ಟಿಯಾದವರು. ಮೊದಲ ಪಂದ್ಯದಲ್ಲಿ ಮೂರು ಸಲ ನಮ್ಮ ಅಂಗಳ ಖಾಲಿಯಾಗಿ ಲೋಣ ಹತ್ತಿತು. ಎರಡನೆಯದರಲ್ಲೂ ಅದೇ ಕಥೆ. ಮೂರನೆಯದರ ಹೊತ್ತಿಗೆ ಸುತ್ತಲಿನ ಜನ ನಮ್ಮ ಹುಡುಗರು ರೇಡಿಗೆ ಹೊರಟರೆ ಸಾಕು ನಗಲು ಸುರು ಮಾಡಿದ್ದರು. ಮೊಣಕಾಲು ತರಚಿ ಒಬ್ಬಿಬ್ಬರ ಚಡ್ಡಿಯ ಅಂಚಿಗೆ ರಕ್ತ ಹತ್ತಿತ್ತು. ಮೂರೂ ಸೋತೆವು. ನಾಲ್ಕನೆಯದು ಉಳಿದಿತ್ತು. ಅದನ್ನು ಗೆದ್ದರೂ ನಮಗೆ ಏನೂ ಸಿಗುತ್ತಿರಲಿಲ್ಲ.

ನಾನು ಪಂಚರ ಹತ್ತಿರ ಹೋಗಿ ವಾಕ್‌ಓವರ್ ಬರೆದುಕೊಟ್ಟೆ. ವಸ್ತಿ ಬಸ್ಸು ತಪ್ಪುತ್ತದೆ ಎಂಬುದು ಕಾರಣ. ಬಸ್ಸು ತಪ್ಪುವ ಹಾಗಿತ್ತು ಎಂಬುದೂ ನಿಜವೇ. ಆದರೆ ಒಳಗಿನ ಮಾತು ಬೇರೆ: ಆ ನಗೆಯನ್ನು ಇನ್ನೊಂದು ಸಲ ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಮಕ್ಕಳನ್ನು ಅವಮಾನದಿಂದ ಪಾರು ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಅರ್ಧ ದಾರಿ ಆದ ಮೇಲೆ ನಮ್ಮ ರೇಡರ್ ಹುಡುಗ ಎದ್ದು ಬಂದು ನನ್ನ ಸೀಟಿನ ಸರಳು ಹಿಡಿದು ನಿಂತ.

‘ಸರ, ಒಂದ್ ಮಾತ ಕೇಳ್ಲೇನ್ರಿ?’

‘ಕೇಳಪಾ.’

‘ನಾಲ್ಕನೇ ಮ್ಯಾಚಿನ್ಯಾಗ ನಾವು ಸೋಲತಿದ್ವಿ ಅಂತ ನಿಮಗ ಹೆಂಗ ಗೊತ್ತಾತ್ರಿ?’

‘ಸುಮ್ನ ಹೋಗಿ ಕೂಡೋ ತಮ್ಮಾ’ ಎಂದೆ. ಮಾಸ್ತರರಿಗೆ ಉತ್ತರ ಗೊತ್ತಿಲ್ಲದಾಗ ಹೇಳುವ ಮಾತು ಅದು.

ಆ ಹುಡುಗ ಮುಂದೆ ಅಪ್ಪನ ಹಾಗೆಯೇ ಮಿಲ್ಲು ಸೇರಿದ. ಈ ಊರಿಗೆ ಊರೆಂಬ ಆಕಾರ ಬಂದದ್ದೇ ಮಿಲ್ಲಿನಿಂದ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಇದೇ ಧಬಧಬೆಯ ನೀರಿನ ಬಲವನ್ನು ಹಿಡಿದು ನೂಲು ತೆಗೆಯಲು ತೊಡಗಿದರು. ಅಂದಿನಿಂದ ನಾಲ್ಕೈದು ತಲೆಮಾರು ಇಲ್ಲಿ ಭೋಂಗಾ ಕೇಳಿ ಎದ್ದಿದೆ, ಭೋಂಗಾ ಕೇಳಿ ಉಂಡಿದೆ. ಅವನ ಕೆಲಸ ರಿಂಗ್ ಫ್ರೇಮಿನ ಮುಂದೆ. ಅಲ್ಲಿ ಎಳೆ ಹರಿಯುತ್ತಲೇ ಇರುತ್ತದೆ. ಕೆಲಸಗಾರ ಸಾಲಿನುದ್ದಕ್ಕೂ ಓಡಾಡುತ್ತ ಹರಿದ ಎಳೆಯನ್ನು ಹುಡುಕಿ ಕೂಡಿಸುತ್ತಾನೆ. ಈ ತುದಿಯಲ್ಲಿ ಕೂಡಿಸುವಷ್ಟರಲ್ಲಿ ಆ ತುದಿಯಲ್ಲಿ ಇನ್ನೊಂದು ಹರಿದಿರುತ್ತದೆ. ಪಾಳಿ ಮುಗಿದಾಗ ಎಲ್ಲ ಎಳೆಗಳೂ ಕೂಡಿದವು, ಇನ್ನು ಹರಿಯುವುದಿಲ್ಲ ಎಂಬ ಸ್ಥಿತಿ ಬರುವುದೇ ಇಲ್ಲ. ಮುಂದಿನ ಪಾಳಿಯವನು ಬಂದು ಅಲ್ಲಿಂದಲೇ ಹಿಡಿಯುತ್ತಾನೆ.

2017ರಲ್ಲಿ ಅವನಿಗೆ ಮೂವತ್ತೆಂಟು, ನಾನು ನಿವೃತ್ತ. ಪಾಳಿ ಇಲ್ಲದ ಸಂಜೆ ನಮ್ಮ ಮನೆಗೆ ಪಂದ್ಯ ನೋಡಲು ಬರುತ್ತಿದ್ದ. ಅವನಿಗೆ ಮನೆಯಲ್ಲಿ ಟಿ.ವಿ. ಇರಲಿಲ್ಲವೆಂದಲ್ಲ, ಅಲ್ಲಿ ಅದು ಧಾರಾವಾಹಿಗಳ ವಶದಲ್ಲಿತ್ತು.

ಸೋಲಿನ ವಿವರಗಳನ್ನು ಗೆಲುವಿನ ವಿವರಗಳಿಗಿಂತ ಚೆನ್ನಾಗಿ ನೆನಪಿಡುವ ದುರಭ್ಯಾಸ ನನಗಿದೆ. ಹಿಂದಿನ ವರ್ಷ, 2016ರಲ್ಲಿ, ವಿರಾಟ್ ಕೊಹ್ಲಿ ನಾಲ್ಕು ಶತಕಗಳೊಡನೆ 973 ರನ್ ಹೊಡೆದಿದ್ದ. ಫೈನಲ್ ಬೆಂಗಳೂರಿನಲ್ಲೇ ನಡೆದಿತ್ತು. ಹೈದರಾಬಾದಿನವರ 208ರ ಬೆನ್ನು ಹತ್ತಿ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ 114 ಸೇರಿಸಿದ್ದರು. ಕೊನೆಗೆ ಎಂಟು ರನ್ನಿನಿಂದ ಸೋತಿದ್ದರು. ಆದ್ದರಿಂದ 2017ರಲ್ಲಿ ಕಪ್ಪು ನಮ್ಮದೇ ಎಂದು ಎಲ್ಲರೂ ನಂಬಿದ್ದರು. ಹಂಗಾಮು ಸುರುವಾಗುವ ಮೊದಲೇ ಎಳೆ ಹರಿಯತೊಡಗಿತು. ಕೊಹ್ಲಿಗೆ ಭುಜದ ಪೆಟ್ಟು, ಮೊದಲ ಮೂರು ಪಂದ್ಯ ಇಲ್ಲ. ಕನ್ನಡಿಗ ಕೆ.ಎಲ್. ರಾಹುಲ್ ಭುಜದ ಶಸ್ತ್ರಚಿಕಿತ್ಸೆಗಾಗಿ ಇಡೀ ಹಂಗಾಮನ್ನೇ ತಪ್ಪಿಸಿಕೊಂಡ. ಸರ್ಫರಾಜ್ ಖಾನನ ಕಾಲಿಗೆ ಏಟು. ಡಿ ವಿಲಿಯರ್ಸನ ಬೆನ್ನು ನೋವು. ಹರಾಜಿನಲ್ಲಿ 12 ಕೋಟಿ ಸುರಿದು ಟೈಮಲ್ ಮಿಲ್ಸ್ ಎಂಬ ಇಂಗ್ಲೆಂಡಿನ ವೇಗದ ಬೌಲರನನ್ನು ಕೊಂಡಿದ್ದರು. ಮಿಲ್ಲಿನ ಊರಿನವರಾದ ನಮಗೆ ಆ ಹೆಸರು ಹಿಡಿಸಿಬಿಟ್ಟಿತ್ತು. ಅವನು ಆಡಿದ್ದು ಐದು ಪಂದ್ಯ.

ಏಪ್ರಿಲ್ 14ರಂದು ಕೊಹ್ಲಿ ಮರಳಿ ಬಂದು 62 ಹೊಡೆದ. ಅದೇ ಸಂಜೆ ಸ್ಯಾಮ್ಯುಯೆಲ್ ಬದ್ರಿ ಮುಂಬೈ ಮೇಲೆ ಹ್ಯಾಟ್ರಿಕ್ ಮಾಡಿದ. 33 ರನ್ನಿಗೆ ಮುಂಬೈಯ ಐದು ವಿಕೆಟ್ ಹೋಗಿದ್ದವು. ಹ್ಯಾಟ್ರಿಕ್ ಮಾಡಿದ ದಿನವೂ ಸೋಲಬಹುದೆಂದು ನನಗೆ ಗೊತ್ತಾದದ್ದು ಅಂದು: ಪೊಲಾರ್ಡ್ 70 ಹೊಡೆದು ಪಂದ್ಯವನ್ನು ಎತ್ತಿಕೊಂಡು ಹೋದ.

ಆಮೇಲೆ ಏಪ್ರಿಲ್ 23. ರವಿವಾರ. ಕೋಲ್ಕತ್ತದ ಈಡನ್ ಗಾರ್ಡನ್ಸ್. ಎದುರಾಳಿಗಳು 131ಕ್ಕೆ ಆಲೌಟ್ ಆದಾಗ ಇವನು ಗೆದ್ದೇಬಿಟ್ಟೆವೆಂದು ನನ್ನ ಹೆಂಡತಿಯ ಹತ್ತಿರ ಇನ್ನೊಂದು ಕಪ್ ಚಾ ಮಾಡಿಸಿಕೊಂಡ. ಚಾ ಆರುವ ಮುಂಚೆ ಕೊಹ್ಲಿ ಸೊನ್ನೆಗೆ ಹೋಗಿದ್ದ. ಗೇಲ್ 7, ಡಿ ವಿಲಿಯರ್ಸ್ 8. ಅರ್ಧ ತಂಡ ಹೋದ ಮೇಲೆ ನಾನು ಟಿ.ವಿ. ಆರಿಸಲು ರಿಮೋಟಿಗೆ ಕೈ ಹಾಕಿದೆ.

‘ಇರ್ಲಿ ಬಿಡ್ರಿ ಸರ. ಇನ್ನೂ ಮಂದಿ ಅದಾರಲ್ರಿ.’

ಉಳಿದವರೂ ಹೋದರು. 9.4 ಓವರಿನಲ್ಲಿ 49. ಹನ್ನೊಂದು ಜನರಲ್ಲಿ ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಕೇದಾರ್ ಜಾಧವನ 9 ಎಲ್ಲಕ್ಕಿಂತ ಹೆಚ್ಚು. ಐ.ಪಿ.ಎಲ್.ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಕಡಿಮೆಗೆ ಬಿದ್ದಿರಲಿಲ್ಲ. ಸರಿಯಾಗಿ ನಾಲ್ಕು ವರ್ಷಗಳ ಹಿಂದೆ, 2013ರ ಅದೇ ಏಪ್ರಿಲ್ 23ರಂದು, ಇದೇ ತಂಡ ಪುಣೆಯವರ ಮೇಲೆ 263 ಹೊಡೆದಿತ್ತು. ಗೇಲ್ ಒಬ್ಬನೇ 66 ಎಸೆತಗಳಲ್ಲಿ 175. ಗೇಲ್, ಕೊಹ್ಲಿ, ಡಿ ವಿಲಿಯರ್ಸ್ ಮೂವರೂ ಎರಡೂ ದಿನ ಆಡಿದವರು. ಕೈ ಅವೇ, ಬ್ಯಾಟೂ ಹೆಚ್ಚುಕಡಿಮೆ ಅವೇ. 263ನ್ನು ತಮ್ಮ ಸಾಮರ್ಥ್ಯವೆಂದೂ 49ನ್ನು ದುರದೃಷ್ಟವೆಂದೂ ಹೇಳುವುದು ಸುಲಭ. ಆದರೆ ಎರಡಕ್ಕೂ ಒಂದೇ ನ್ಯಾಯ ಇರಬೇಕಲ್ಲ.

ಮರುದಿನ ಚಾದಂಗಡಿಯಲ್ಲಿ ನಾನು ಒಂದು ಸಂಗತಿ ಗಮನಿಸಿದೆ. ಗೆದ್ದ ಮರುದಿನ ಜನ ‘ನಿನ್ನಿ ನಾವು ಹೊಡದ್ವಿ’ ಎನ್ನುತ್ತಿದ್ದರು. 49ರ ಮರುದಿನ ಎಲ್ಲರ ಬಾಯಲ್ಲೂ ‘ಅವ್ರು ಸೋತ್ರು’. ರಾತ್ರಿ ಬೆಳಗಾಗುವುದರೊಳಗೆ ‘ನಾವು’ ‘ಅವರು’ ಆಗಿದ್ದೆವು. ಗಡಿಯ ಈ ಭಾಗದಲ್ಲಿ ಮುಂಬೈ ತಂಡದ ಅಭಿಮಾನಿಗಳಿಗೂ ಕೊರತೆಯಿಲ್ಲ, ಅವರು ಬಿಡುತ್ತಾರೆಯೇ? ‘ಕೋಟಿ ಕೋಟಿ ತಗೊಂಡು ಐವತ್ತೂ ಹೊಡ್ಯಾಕ ಆಗ್ಲಿಲ್ಲ’ ಎಂಬುದು ಅಂದು ಎಲ್ಲರ ತೀರ್ಪು.

ಈ ಕೋಟಿಯ ಮಾತಿನಲ್ಲಿ ಒಂದು ನಿಜವಾದ ಪ್ರಶ್ನೆ ಇದೆ. ಕೂಲಿ ಪಡೆದು ಆಡುವವನ ಸೋಲು ಸೋಲೇ? ನಮ್ಮ ಹುಡುಗರು ಜಾತ್ರೆಯಲ್ಲಿ ಸೋತಾಗ ಅವರಿಗೆ ಸಿಕ್ಕದ್ದು ತರಚಿದ ಮೊಣಕಾಲು. ಇವರಿಗೆ ಸೋತರೂ ಸಂಬಳ ಬರುತ್ತದೆ. ಸೋಲಿಗೂ ಬೆಲೆ ಕಟ್ಟಿಕೊಂಡವನಿಗೆ ನಾವು ಮರುಗಬೇಕೇ? ಶರಣರ ಕಥೆಯಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದಳು. 12 ಕೋಟಿಯನ್ನು ಮರಳಿ ಕಳಿಸುವ ಲಕ್ಕಮ್ಮ ಕ್ರಿಕೆಟ್ಟಿನಲ್ಲಿ ಇನ್ನೂ ಹುಟ್ಟಿಲ್ಲ, ಅದು ಬೇರೆ ಮಾತು. ಬಹಳ ದಿನ ನಾನೂ ಚಾದಂಗಡಿಯವರ ಪಕ್ಷವೇ ಆಗಿದ್ದೆ. ನನ್ನ ಅಭಿಪ್ರಾಯ ಸಡಿಲವಾದದ್ದು 2008ರ ನೆನಪಿನಿಂದ.

ಆ ವರ್ಷ ಐ.ಪಿ.ಎಲ್.ನ ಮೊಟ್ಟಮೊದಲ ಪಂದ್ಯ ಬೆಂಗಳೂರಿನಲ್ಲಿ. ಏಪ್ರಿಲ್ 18. ಕೋಲ್ಕತ್ತದ ಪರವಾಗಿ ಮೆಕಲಮ್ 158 ಹೊಡೆದ. ಇವರು 82ಕ್ಕೆ ಆಲೌಟ್. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕೊಡುಗೆ ಇತರೆ ರನ್ನುಗಳದು, 19. ರಾಹುಲ್ ದ್ರಾವಿಡ್ ನಾಯಕ. ಟೆಸ್ಟ್ ಆಡುವವರನ್ನೆಲ್ಲ ಕೂಡಿಹಾಕಿ ತಂಡ ಕಟ್ಟಿದ್ದಾರೆಂದು ದೇಶವೇ ನಕ್ಕಿತು. ನಡು ಹಂಗಾಮಿನಲ್ಲಿ ತಂಡದ ಮುಖ್ಯ ಕಾರ್ಯನಿರ್ವಾಹಕ ಚಾರು ಶರ್ಮಾ ಹೊರಬಿದ್ದರು. ಮಾಲಿಕ ವಿಜಯ ಮಲ್ಯ ತಂಡದ ಆಯ್ಕೆಯ ಬಗ್ಗೆ ಪತ್ರಿಕೆಗಳೆದುರಿಗೇ ಅಸಮಾಧಾನ ತೋಡಿಕೊಂಡರು. ಹತ್ತು ಸೋಲು, ನಾಲ್ಕು ಗೆಲುವು, ಏಳನೆಯ ಸ್ಥಾನ. ಆ ಇಡೀ ಹಂಗಾಮಿನಲ್ಲಿ ತಂಡದ ಪರ ಎಲ್ಲರಿಗಿಂತ ಹೆಚ್ಚು ರನ್ ಹೊಡೆದವನು ಅದೇ ದ್ರಾವಿಡ್, 371. ಈ ಆಟ ತನ್ನದಲ್ಲವೆಂದು ಎಲ್ಲರೂ ಹೇಳುತ್ತಿದ್ದಾಗ, ಅದು ಅರ್ಧಮರ್ಧ ನಿಜವೆಂದು ತನಗೂ ಅನಿಸಿದ್ದಿರಬಹುದಾದಾಗ, ಆ ಮನುಷ್ಯ ಪ್ರತಿ ಸಂಜೆ ಪ್ಯಾಡು ಕಟ್ಟಿಕೊಂಡು ಇಳಿದ. ಅಷ್ಟು ಹಣ ಸಿಕ್ಕಿದರೆ ಯಾರೂ ಇಳಿದಾರೆಂದು ಹೇಳಬಹುದು. ಇಳಿಯುವುದಕ್ಕೆ ಹಣ ಸಾಕು, ಒಪ್ಪುತ್ತೇನೆ. ಇಳಿದ ಮೇಲೆ ಎಡಗಾಲು ಚೆಂಡಿನ ದಾರಿಗೆ ಹೋಗಬೇಕಲ್ಲ, ಅದಕ್ಕೆ ಹಣ ಸಾಲದು.

ಕೂಲಿಯವನಿಗೆ ವಾಕ್‌ಓವರ್ ಕೊಡುವ ಸ್ವಾತಂತ್ರ್ಯವಿಲ್ಲ. ಆ ಐಷಾರಾಮ ಇರುವುದು ನನ್ನಂಥ ಹವ್ಯಾಸಿಗಳಿಗೆ. ಇದನ್ನು ನಾನು ನನ್ನ ಶಿಷ್ಯನ ಮುಂದೆ ದೊಡ್ಡ ಶೋಧವೆಂಬಂತೆ ಹೇಳಿದೆ. ಅವನಿಗೆ ಅದು ಶೋಧವೆನಿಸಲಿಲ್ಲ. ‘ಪಾಳಿ ಮುಗಿಯೂತನ ಎಳಿ ಕೂಡಸೂದು ಬಿಡಂಗಿಲ್ಲಲ್ರಿ ಸರ’ ಎಂದ, ಆಕಳಿಸುತ್ತ.

ಈ ಮಾತು ಕೇಳಿ ನಾನು ಖುಷಿಪಟ್ಟೆ. ಬರೆದಿಟ್ಟುಕೊಂಡೆ ಕೂಡ. ಎರಡು ದಿನಗಳ ಮೇಲೆ ಆ ಖುಷಿಯ ಬಗ್ಗೆಯೇ ಗುಮಾನಿ ಬಂತು. ಸೋಲುವವನಿಗೆ ಸೋಲಿನ ಸೊಗಸನ್ನು ಬೋಧಿಸುವುದು ಗೆದ್ದವರ ಹಳೆಯ ಚಾಳಿ. ಎಳೆ ಕೂಡಿಸುತ್ತಲೇ ಇರು, ಫಲ ಕೇಳಬೇಡ ಎಂದು ಹೇಳುವವನು ಸಾಮಾನ್ಯವಾಗಿ ನೂಲು ಮಾರುವವನಾಗಿರುತ್ತಾನೆ. ಮಿಲ್ಲಿನ ಊರಿನಲ್ಲಿ ಬದುಕಿದವನು ಇದನ್ನು ಮರೆತರೆ ಉಂಡ ಅನ್ನಕ್ಕೆ ಎರಡು ಬಗೆದ ಹಾಗೆ. ಕೆಲಸ ನಿಲ್ಲಿಸುವುದೂ ಒಮ್ಮೊಮ್ಮೆ ಘನತೆಯ ಕೆಲಸವೇ. ಸಂಪು ಹೂಡಿದವರೆಲ್ಲ ಆಟದಿಂದ ಓಡಿಹೋದವರೇನು? ಹಾಗಾದರೆ ಸೋಲಿನ ನಡುವೆ ಆಡುತ್ತ ಇರುವುದು ಯಾವಾಗ ಗುಣ, ಯಾವಾಗ ಬರಿಯ ಮೊಂಡುತನ ಅಥವಾ ಗುಲಾಮಗಿರಿ?

ಇದಕ್ಕೆ ನಮ್ಮ ನದಿಯ ಕೆಳದಂಡೆಯಲ್ಲಿ ಒಬ್ಬ ಕವಿ ಉತ್ತರಕ್ಕೆ ಹತ್ತಿರವಾದದ್ದೇನನ್ನೋ ಕೊಟ್ಟಿದ್ದಾನೆಂದು ನನಗೆ ಅನಿಸುತ್ತದೆ. ಇಲ್ಲಿ ಬಿದ್ದ ನೀರು ಹರಿದು ಮುಧೋಳವನ್ನು ಮುಟ್ಟುತ್ತದೆ. ಅದು ರನ್ನನ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಗದಾಯುದ್ಧ’ ಬರೆದ. ಕಾವ್ಯದ ಗೆಲುವು ಭೀಮನದು. ಓದಿದವರ ಮನಸ್ಸಿನಲ್ಲಿ ನಿಲ್ಲುವವನು ಮಾತ್ರ ಸೋತ ದುರ್ಯೋಧನ. ಬಿ.ಎಂ. ಶ್ರೀಯವರು ಅದನ್ನು ನಾಟಕ ಮಾಡಿದಾಗ ದುರ್ಯೋಧನನನ್ನೇ ನಡುವೆ ನಿಲ್ಲಿಸಿದರು. ಅವನು ಹೆಣಗಳ ನಡುವೆ ಒಬ್ಬನೇ ನಡೆದುಕೊಂಡು ಹೋಗುವ ಭಾಗವನ್ನು ನಾನು ತರಗತಿಯಲ್ಲಿ ಅದೆಷ್ಟು ಸಲ ಪಾಠ ಮಾಡಿದ್ದೇನೋ. ದ್ರೋಣ ಬಿದ್ದಿದ್ದಾನೆ, ಮಗ ಲಕ್ಷಣಕುಮಾರ ಬಿದ್ದಿದ್ದಾನೆ, ದುಶ್ಶಾಸನ, ಕರ್ಣ ಬಿದ್ದಿದ್ದಾರೆ. ಸಂಧಿ ಮಾಡಿಕೊಳ್ಳೆಂದು ಹಿರಿಯರು ಹೇಳುತ್ತಾರೆ. ಇವನು ಒಲ್ಲೆನೆನ್ನುತ್ತಾನೆ. ಎಂಥ ಛಲ ಎಂದು ಹುಡುಗರು ಕಣ್ಣರಳಿಸುತ್ತಿದ್ದರು, ನಾನೂ ಹಿಗ್ಗುತ್ತಿದ್ದೆ. ಆ ಛಲದ ಬೆಲೆ ಕೊಟ್ಟವರು ಯಾರು ಎಂದು ನಾನು ಒಂದು ಸಲವೂ ಕೇಳಲಿಲ್ಲ. ಹನ್ನೊಂದು ಅಕ್ಷೌಹಿಣಿ ಸೈನ್ಯದಲ್ಲಿ ಎಷ್ಟು ಜನರನ್ನು ಅವನು ‘ನಾಲ್ಕನೆಯ ಪಂದ್ಯ ಆಡೋಣವೇ?’ ಎಂದು ಕೇಳಿದ್ದ? ರನ್ನ ಅವನನ್ನು ಆ ಹೆಣಗಳ ನಡುವೆಯೇ ನಡೆಸಿದ್ದು ಸುಮ್ಮನೆ ಅಲ್ಲವೆಂದು ಈಗ ಕಾಣುತ್ತದೆ. ಛಲದ ಲೆಕ್ಕವನ್ನು ಅವನ ಕಣ್ಣ ಮುಂದೆ ಹರಡಿದ್ದಾನೆ.

ಇಲ್ಲಿಂದ ನನ್ನ ವಾಕ್‌ಓವರಿಗೆ ಮರಳಿದರೆ, ನಾನು ದುರ್ಯೋಧನನ ಸರಿಯಾದ ವಿರುದ್ಧ ಕೆಲಸ ಮಾಡಿ ಅವನದೇ ತಪ್ಪನ್ನು ಮಾಡಿದ್ದೆ. ಅವನು ಕೇಳದೆ ಆಡಿಸಿದ, ನಾನು ಕೇಳದೆ ನಿಲ್ಲಿಸಿದೆ. ಆಡದಿರುವುದು ತಪ್ಪಾಗಿರಲಿಲ್ಲ. ಏಳು ಜನ ಕೂಡಿ ‘ಬ್ಯಾಡ್ರಿ ಸರ, ಸಾಕು’ ಎಂದಿದ್ದರೆ ಅದು ಅವರ ನಿರ್ಧಾರವಾಗುತ್ತಿತ್ತು, ಅದರಲ್ಲಿ ಅವಮಾನವಿರಲಿಲ್ಲ. ಮೊಣಕಾಲು ತರಚಿದ್ದು ಅವರದು, ನಾಚಿಕೆಯಾದದ್ದು ನನಗೆ. ನನ್ನ ನಾಚಿಕೆಯನ್ನು ಅವರ ಹೆಸರಿನಲ್ಲಿ ಬರೆದುಕೊಟ್ಟೆ.

ಇನ್ನೊಂದನ್ನು ಹೇಳದಿದ್ದರೆ ಅರ್ಧ ಸುಳ್ಳಾಗುತ್ತದೆ. ಆ ನಾಲ್ಕನೆಯ ಪಂದ್ಯದಿಂದ ನಮಗೆ ಏನೂ ಸಿಗುತ್ತಿರಲಿಲ್ಲ ಎಂದೆನಲ್ಲ. ನಮಗೆ ಸಿಗುತ್ತಿರಲಿಲ್ಲ, ಸರಿ. ಎದುರಾಳಿಗಳಿಗೆ ಪುಕ್ಕಟೆ ಅಂಕ ಸಿಕ್ಕು ಅವರು ಫೈನಲ್ ಸೇರಿದರು. ಅವರು ಸೋತಿದ್ದರೆ ಇನ್ನೊಂದು ಹಳ್ಳಿಯ ತಂಡಕ್ಕೆ ಆ ಜಾಗ ಇತ್ತು. ಆ ಹಳ್ಳಿಯ ಮಾಸ್ತರರು ಬಸ್‌ಸ್ಟ್ಯಾಂಡಿನ ತನಕ ಬಂದು ನನಗೆ ಹೇಳಿದರು: ‘ಮಾಸ್ತರ, ನೀವು ಆಡಿ ಸೋತಿದ್ರ ನಮಗ ಬ್ಯಾಸರ ಆಗ್ತಿರಲಿಲ್ಲ.’ ನಮಗೆ ಅರ್ಥವಿಲ್ಲದ ಪಂದ್ಯ ಇನ್ನಾರಿಗೋ ವರ್ಷದ ಪಂದ್ಯವಾಗಿರುತ್ತದೆ. 2017ರಲ್ಲಿ ಏಪ್ರಿಲ್ 29ಕ್ಕೇ, ಪುಣೆಯವರ ಮೇಲೆ 96 ರನ್ನಿಗೆ ಮುಗ್ಗರಿಸಿದಾಗ, ಬೆಂಗಳೂರಿನ ಆಸೆ ಮುಗಿದಿತ್ತು. ಆದರೂ ಮೇ 5ರಂದು ಪಂಜಾಬದವರು ಬಂದಾಗ ಅವರಿಗೆ ಅದು ಅಳಿವು ಉಳಿವಿನ ಪ್ರಶ್ನೆ. ಸೋತುಹೋದ ತಂಡ ಅಂದು ಕೈಚೆಲ್ಲಿ ನಿಂತರೆ ಮೋಸವಾಗುವುದು ಪಟ್ಟಿಯಲ್ಲಿ ಮೇಲೆ ಕೆಳಗೆ ಇರುವ ಉಳಿದವರಿಗೆ. ಇವರು ಪಂಜಾಬನ್ನು 138ಕ್ಕೆ ಕಟ್ಟಿಹಾಕಿದರು, ಆಮೇಲೆ ತಾವು 119ಕ್ಕೆ ಬಿದ್ದರು. ಸೋತರು, ಆದರೆ ಆಡಿ ಸೋತರು.

ಇದು ಕ್ರಿಕೆಟ್ಟಿನ ಮಾತು ಮಾತ್ರವಲ್ಲ. ನನ್ನ ಆಟವಾದ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಗೆದ್ದಿತ್ತು. ಪವನ್ ಸೆಹ್ರಾವತ್ ಫೈನಲ್‌ನಲ್ಲಿ ಒಬ್ಬನೇ 22 ಅಂಕ ತಂದಿದ್ದ. ಅದೇ ತಂಡ 2024ರ ಹಂಗಾಮಿನಲ್ಲಿ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಹನ್ನೆರಡಕ್ಕೆ ಹನ್ನೆರಡನೆಯ ಸ್ಥಾನ. ಅದೇ ವರ್ಷ ಚಿಕಾಗೋ ಕಡೆ ಇರುವ ನನ್ನ ಅಕ್ಕನ ಮೊಮ್ಮಗ ಫೋನಿನಲ್ಲಿ, ‘ಅಜ್ಜಾ, ನಿಮ್ಮ ಬುಲ್ಸ್ ಏನೂ ಅಲ್ಲ, ನಮ್ಮಲ್ಲೊಂದು ಬೇಸ್‌ಬಾಲ್ ತಂಡ ಅದ’ ಎಂದು ವೈಟ್ ಸಾಕ್ಸ್ ಕಥೆ ಹೇಳಿದ. ಅಲ್ಲಿ ಒಂದು ಹಂಗಾಮಿಗೆ 162 ಪಂದ್ಯ. ಇವರು 121 ಸೋತರು. ನಡುವೆ ಒಮ್ಮೆ ಸಾಲಾಗಿ 21 ಸೋತಿದ್ದರು. ಅದಕ್ಕೆ ಹಿಂದೆ ನ್ಯೂಯಾರ್ಕಿನ ಮೆಟ್ಸ್ 1962ರಲ್ಲಿ 120 ಸೋತದ್ದು ಆಧುನಿಕ ಕಾಲದ ದಾಖಲೆಯಾಗಿತ್ತು. ಇವರು 120 ಮುಟ್ಟಿ ತಮ್ಮ ಊರಿಗೆ ಬಂದಾಗ, ಇತಿಹಾಸದ ಸೋಲನ್ನು ಕಣ್ಣಾರೆ ಕಾಣಬೇಕೆಂದೇ ಟಿಕೇಟು ಕೊಂಡವರಿದ್ದರಂತೆ. ತಂಡ ಅವರ ಆಸೆಗೆ ತಣ್ಣೀರೆರಚಿ ಅಲ್ಲಿ ಮೂರಕ್ಕೆ ಮೂರೂ ಪಂದ್ಯ ಗೆದ್ದಿತು! 121ನೆಯ ಸೋಲನ್ನು ಮುಂದೆ ಡೆಟ್ರಾಯಿಟಿನಲ್ಲಿ ಹೋಗಿ ಪಡೆಯಿತು. ಆ ಮೂರು ಗೆಲುವಿನಿಂದ ಅವರಿಗೆ ಏನು ಬಂತು? ಪಟ್ಟಿಯಲ್ಲಿ ಒಂದು ಮೆಟ್ಟಿಲೂ ಮೇಲೇರಲಿಲ್ಲ. ಇದನ್ನು ಕೇಳಿದ ದಿನ ನಾನು ಎರಡು ರೊಟ್ಟಿ ಹೆಚ್ಚು ಉಂಡೆ, ಯಾಕೆಂದು ಕೇಳಬೇಡಿ.

ಫಲದಾಸೆ ಬಿಟ್ಟು ಆಡಬೇಕೆಂದು ಹೇಳುವ ವೇದಾಂತಿಗಳು ಕಬಡ್ಡಿ ಆಡಿ ನೋಡಬೇಕು. ಗೆಲ್ಲುವ ಆಸೆಯಿಲ್ಲದೆ ರೇಡಿಗೆ ಹೋದವನು ಉಸಿರು ಹಿಡಿಯಲಾರ. ಗೆರೆಯೊಳಗೆ ಇರುವ ತನಕ ಗೆಲ್ಲಲೇಬೇಕೆಂದು ಪ್ರಾಣ ಬಿಡಬೇಕು, ಗೆರೆ ದಾಟಿ ಹೊರಬಂದ ಮೇಲೆ ಗೆಲುವೇ ಎಲ್ಲವೂ ಅಲ್ಲವೆಂದು ಒಪ್ಪಬೇಕು. ಈ ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಶಾಸ್ತ್ರಗಳಲ್ಲಿ ನನಗೆ ಸಿಕ್ಕಿಲ್ಲ. ಹದಿನಾಲ್ಕು ವರ್ಷದ ಹುಡುಗರಲ್ಲಿ ನೋಡಿದ್ದೇನೆ. ಸೋತು ಐದು ನಿಮಿಷ ಅಳುತ್ತಾರೆ, ಆರನೆಯ ನಿಮಿಷಕ್ಕೆ ಗೆದ್ದವರ ಕೂಡ ಕಬ್ಬಿನ ಹಾಲು ಕುಡಿಯುತ್ತ ನಿಂತಿರುತ್ತಾರೆ.

ಗೆಲುವು ಬಂದಾಗ ಏನಾಯಿತೆಂಬುದೂ ನಮಗೆ ಗೊತ್ತಿದೆ. 2024ರಲ್ಲಿ ತಂಡದ ಹೆಸರಿನ ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನ ಮೇಲೆ ಆರು ರನ್ನಿನಿಂದ ಗೆದ್ದು ಹದಿನೆಂಟನೆಯ ಹಂಗಾಮಿನಲ್ಲಿ ಮೊದಲ ಸಲ ಕಪ್ಪು ಬಂತು. ನಮ್ಮ ಓಣಿಯಲ್ಲೂ ಪಟಾಕಿ ಹಾರಿದವು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಗೆಲುವನ್ನು ನೋಡಲು ಬಂದವರು ಅವರು, ಹೆಚ್ಚಿನವರು ಎಳೆಯರು. ‘ನಾವು ಗೆದ್ದೆವು’ ಎಂದು ಊರಿಗೆ ಊರೇ ಹೇಳುತ್ತಿದ್ದಾಗ ಆ ‘ನಾವು’ ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಗೇಟಿನ ಹೊರಗೆ ನಿಲ್ಲಿಸಿತು? ಹದಿನೇಳು ವರ್ಷಗಳ ಸೋಲಿನಲ್ಲಿ ಅಂಥ ಒಂದು ಸಂಜೆ ಬಂದಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಮನಸ್ಸಾಗುವುದಿಲ್ಲ.

2017ರ ಮೇ 14ರ ಮಾತು ಉಳಿಯಿತು. ಅದೂ ರವಿವಾರ. ದಿಲ್ಲಿಯಲ್ಲಿ ಕೊನೆಯ ಪಂದ್ಯ. ಬೆಂಗಳೂರು ಯಾವಾಗಲೋ ಹೊರಬಿದ್ದಿತ್ತು, ದಿಲ್ಲಿಯೂ ಹೊರಬಿದ್ದಿತ್ತು. ಆ ಪಂದ್ಯದಿಂದ ಯಾರಿಗೂ ಏನೂ ಆಗುವಂತಿರಲಿಲ್ಲ. ನಾನು ಅಂದುಕೊಂಡೆ, ಇವನು ಬರಲಿಕ್ಕಿಲ್ಲ. ಎಂಟಕ್ಕೆ ಐದು ನಿಮಿಷವಿದ್ದಾಗ ಬಂದು ಕೈಕಾಲು ತೊಳೆದುಕೊಂಡು ಕೂತ. ಕೊಹ್ಲಿ 58, ಗೇಲ್ 48. ಒಟ್ಟು 161. ದಿಲ್ಲಿ ಬೆನ್ನು ಹತ್ತಿತು. ಯಾರಿಗೂ ಬೇಡವಾದ ಆ ಪಂದ್ಯದಲ್ಲಿ ಆಟಗಾರರು ಗೆರೆಯ ಹತ್ತಿರ ಮಣ್ಣಿಗೆ ಬಿದ್ದು ಚೆಂಡು ತಡೆಯುತ್ತಿದ್ದರು, ಅಂಪೈರನನ್ನು ಅಂಗಲಾಚಿ ಕೇಳುತ್ತಿದ್ದರು. ಹತ್ತು ರನ್ನಿನಿಂದ ಬೆಂಗಳೂರು ಗೆದ್ದಿತು. ಮನೆಯಲ್ಲಿ ಉಳಿದವರೆಲ್ಲ ಮಲಗಿದ್ದರು. ನಾವಿಬ್ಬರೇ ಚಪ್ಪಾಳೆ ಹೊಡೆದೆವು, ಮೆಲ್ಲಗೆ.

ಸೆಖೆ ಬಹಳವಿತ್ತು. ಅವನನ್ನು ಕಳಿಸಲು ರಸ್ತೆಯ ತನಕ ಬಂದವನು ಹಾಗೇ ಧಬಧಬೆಯ ಕಡೆ ನಾಲ್ಕು ಹೆಜ್ಜೆ ಹೋದೆ. ಅವನೂ ಗಾಡಿ ತಳ್ಳಿಕೊಂಡು ಬಂದ. ಬಂಡೆಯ ಮೇಲೆ ಬೆಳದಿಂಗಳಿತ್ತು. ನೀರಿನ ಸಪ್ಪಳ ಕಿವಿಗೊಟ್ಟರೆ ಕೇಳಿಸುವಷ್ಟು.

‘ಅವತ್ತ ಬಸ್ಸಿನ್ಯಾಗ ನೀ ಒಂದ್ ಪ್ರಶ್ನೆ ಕೇಳಿದ್ದಿ, ನೆನಪೈತೇನೋ?’ ಎಂದೆ.

‘ಯಾವ್ದು, ನಾಲ್ಕನೇ ಮ್ಯಾಚಿಂದೇನ್ರಿ?’ ಎಂದ ಕೂಡಲೆ. ‘ಆ ಟೀಮಿನ್ಯಾಗಿನವ ಒಬ್ಬಾವ ಈಗ ನಮ್ಮ ಪಾಳ್ಯಾಗ ಅದಾನ್ರಿ ಸರ. ಅವ್ರೂ ಅವತ್ತ ಚಡ್ಡಿ ಹಾಕ್ಕೊಂಡು ಕಾಯ್ಕೋತ ಕುಂತಿದ್ರಂತ. ನಾವು ಬರಲಿಲ್ಲಂತ ಅವ್ರ ಮುಖಾನೂ ಸಣ್ಣದಾಗಿತ್ತಂತ್ರಿ.’

‘ನನ್ನ ತಪ್ಪಾತು. ನಿಮ್ಮನ್ನ ಕೇಳಬೇಕಾಗಿತ್ತು.’

ಅವನು ಏನೂ ಅನ್ನಲಿಲ್ಲ. ಮಾಸ್ತರರು ತಪ್ಪಾತು ಎಂದರೆ ಏನು ಅನ್ನಬೇಕೆಂದು ಯಾವ ಶಾಲೆಯಲ್ಲೂ ಕಲಿಸಿರುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೇ ಕೇಳಿದೆ: ‘ಆಡಿದ್ರ ಏನಾಗ್ತಿತ್ತೋ?’

‘ಸೋಲತಿದ್ವ್ರಿ ಸರ’ ಎಂದು ಜೋರಾಗಿ ನಕ್ಕ. ‘ಅದರಾಗೇನ್ ಸಂಶೇ ಇಲ್ಲ. ಎಷ್ಟಕ್ಕ ಸೋಲತಿದ್ವಿ ಅನ್ನೂದs ಗೊತ್ತಾಗ್ಲಿಲ್ಲ ನೋಡ್ರಿ.’

ಮರುದಿನ ಅವನಿಗೆ ಬೆಳಗಿನ ಪಾಳಿ. ಗಾಡಿಗೆ ಕಿಕ್ ಹೊಡೆದು, ‘ಒಳಗ ಹೋಗ್ರಿ ಸರ, ಹುಳಾ ಹುಪ್ಪಡಿ ಇರ್ತಾವು’ ಎಂದು ಹೇಳಿ ಹೋದ.